ಕಣಜ, ಆನೆ, ಜೀರುಂಡೆ ನೋಡೋಕೆ ಸಂಬಳ ಕೊಡ್ತಾರಾ? ಟಾಟಾ ಇನ್‌ಸ್ಟಿಟ್ಯೂಟ್‌ನ ಪರಿಸರ ವಿಜ್ಞಾನ ಕೇಂದ್ರ ಗೊತ್ತಿದ್ದವರು ಹೇಳಿ

ಹರಿಹರದ ಮಾವ
ಎಲ್ಲರಿಗೂ ನಮಸ್ಕಾರ. ನಮ್ಮ ತಂಗಿ ಮಗಳು ಶಿವಮೊಗ್ಗದಲ್ಲಿ ಬಿಎಸ್ಸಿ ಕೊನೆ ವರ್ಷ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಓಪನ್ ಡೇಗೆ ಕಾಲೇಜಿನವರು ಬಸ್ ಮಾಡಿಕೊಂಡು ಹೋಗಿದ್ದರು. ಬಾಕಿ ಹುಡುಗರೆಲ್ಲ ರೋಬೋಟ್, ವಿಮಾನ ಅಂತ ಓಡಾಡಿದರೆ ಇವಳು ಪರಿಸರ ವಿಜ್ಞಾನ ಕೇಂದ್ರ, ಅದೇ ಸಿಇಎಸ್ ಅಂತಾರಲ್ಲ, ಅಲ್ಲಿ ಹೋಗಿ ಸಂಜೆವರೆಗೆ ಕಣಜದ ಗೂಡು ನೋಡುತ್ತಾ ನಿಂತಿದ್ದಳಂತೆ. ಅವತ್ತಿಂದ ಒಂದೇ ಹಠ. ಎಂಎಸ್ಸಿ ಬೇಡ, ಬಿಎಡ್ ಬೇಡ, ಅಲ್ಲೇ ಸೇರಬೇಕು.

ತಂಗಿ ನನ್ನನ್ನು ಕೇಳುತ್ತಾಳೆ, ಹುಳ ನೋಡೋಕೆ ಯಾರಾದರೂ ದುಡ್ಡು ಕೊಡ್ತಾರೇನಣ್ಣಾ ಅಂತ. ನಂದು ಹಾರ್ಡ್‌ವೇರ್ ಅಂಗಡಿ, ನನಗೇನು ಗೊತ್ತು. ಅಲ್ಲಿ ಇರೋರು ಯಾರು, ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ, ಮುಂದೆ ಅನ್ನ ಹುಟ್ಟುತ್ತಾ? ವೆಬ್‌ಸೈಟಲ್ಲಿ ಇರೋದು ಬೇಡ, ಒಳಗಿನ ಮಾತು ಹೇಳಿ.

ರಾತ್ರಿಪಾಳಿ
ನಾನು ಹನ್ನೆರಡು ಗಂಟೆ ಸ್ಕ್ರೀನ್ ನೋಡೋಕೆ ಸಂಬಳ ತಗೊಳ್ತೀನಿ. ಕಣಜ ನೋಡೋದು ಎಷ್ಟೋ ಮೇಲು ಬಿಡಿ.

ಹಳೇ ಪ್ರಾಜೆಕ್ಟ್ ಅಸಿಸ್ಟೆಂಟ್
ಸಾರ್, ನಾನು ಆ ಕೇಂದ್ರದ ಒಂದು ಪ್ರಾಜೆಕ್ಟಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದವನು. ಪಿಎಚ್‌ಡಿ ಮಾಡಲಿಲ್ಲ, ಈಗ ಬ್ಯಾಂಕಲ್ಲಿದ್ದೇನೆ. ಹೊರಗಿನವರಿಗೆ ಒಂದು ಕಟ್ಟಡ, ಒಂದು ಬೋರ್ಡು ಕಾಣುತ್ತೆ. ಒಳಗೆ ಅದು ಒಂದು ಲ್ಯಾಬ್ ಅಲ್ಲ. ಹತ್ತಾರು ಲ್ಯಾಬ್, ಒಂದೊಂದಕ್ಕೂ ಒಬ್ಬ ಮೇಷ್ಟ್ರು, ಒಬ್ಬೊಬ್ಬ ಮೇಷ್ಟ್ರಿಗೂ ಒಂದೊಂದು ಹುಚ್ಚು.

ಶುರು ಮಾಡಿದ್ದು ಮಾಧವ ಗಾಡ್ಗೀಳ್, 1983ರಲ್ಲಿ. ಪುಣೆಯವರು, ಹಾರ್ವರ್ಡಲ್ಲಿ ಪಿಎಚ್‌ಡಿ ಮುಗಿಸಿ ಬಂದು 1973ರಲ್ಲಿ ಇಲ್ಲಿ ಸೇರಿದ್ದರು. ಆಗ ಇದ್ದದ್ದು ಗಣಿತದ ಕಡೆಯವರ ಜೊತೆ, ಸೈದ್ಧಾಂತಿಕ ಅಧ್ಯಯನ ಕೇಂದ್ರದಲ್ಲಿ. ಇಂಜಿನಿಯರುಗಳ ಊರಲ್ಲಿ ಕಾಡು ಸುತ್ತೋ ಒಬ್ಬ ಮನುಷ್ಯ. ಹತ್ತು ವರ್ಷ ಆದ ಮೇಲೆ ಕೇಂದ್ರ ಸರ್ಕಾರದ ಪರಿಸರ ಇಲಾಖೆ ಬೆಂಬಲ ಕೊಟ್ಟು ಈ ಸೆಂಟರ್ ಆಯಿತು.

ನಿಮ್ಮ ಹುಡುಗಿ ನೋಡಿದ ಕಣಜ ರಾಘವೇಂದ್ರ ಗದಗಕರ್ ಅವರ ಗುಂಪಿನ ಕೆಲಸ. ಅವರು ಮೊದಲು ಓದಿದ್ದು ಅಣುಜೀವಶಾಸ್ತ್ರ, ಇದೇ ಐಐಎಸ್‌ಸಿಯಲ್ಲಿ ಪಿಎಚ್‌ಡಿ. ಕಣಜ ಪಕ್ಕದಲ್ಲಿ ಇಟ್ಟುಕೊಂಡಿದ್ದ ಹವ್ಯಾಸ. ಆಮೇಲೆ ಹವ್ಯಾಸವೇ ಕಸುಬಾಯಿತು, ನಲವತ್ತು ವರ್ಷ ದಾಟಿತು. ರೊಪಾಲಿಡಿಯಾ ಮಾರ್ಜಿನೇಟಾ ಅಂತ ಆ ಜಾತಿ ಹೆಸರು. ನಮ್ಮ ಮನೆ ಸಜ್ಜೆ ಕೆಳಗೆ, ಕಿಟಕಿ ಮೂಲೆಯಲ್ಲಿ ಕಾಗದದ ಹಾಗೆ ಬೂದು ಬಣ್ಣದ ಗೂಡು ಕಟ್ಟುತ್ತಲ್ಲ, ಆ ಪೈಕಿ.

ಅದನ್ನು ಓದೋದು ಹೇಗೆ ಗೊತ್ತಾ? ಗೂಡಿನ ಪ್ರತಿ ಕಣಜದ ಮೈಮೇಲೆ ಪುಟ್ಟ ಬಣ್ಣದ ಚುಕ್ಕೆ. ಒಂದಕ್ಕೆ ಹಳದಿ-ಬಿಳಿ, ಇನ್ನೊಂದಕ್ಕೆ ಕೆಂಪು-ನೀಲಿ. ಆಮೇಲೆ ಮಣೆ ಹಾಕಿಕೊಂಡು ಕೂತು, ಯಾರು ಯಾರನ್ನು ಕಚ್ಚಿದರು, ಯಾರು ಹೊರಗೆ ಹೋಗಿ ಆಹಾರ ತಂದರು, ಯಾರು ಸುಮ್ನೆ ಕೂತಿದ್ದರು ಅಂತ ಬರೆಯೋದು. ಬಣ್ಣ, ಪೆನ್ಸಿಲ್, ಕಾಗದ, ತಾಳ್ಮೆ. ಕಡಿಮೆ ಖರ್ಚಲ್ಲಿ ಒಳ್ಳೆ ವಿಜ್ಞಾನ ಮಾಡಬಹುದು ಅಂತ ಅವರು ಬಹಿರಂಗವಾಗಿ ವಾದ ಮಾಡಿದವರು.

ಮಂಡಿ ಮಂಜಣ್ಣ
ಅಲ್ರೀ, ನಲವತ್ತು ವರ್ಷ ಕಣಜ ನೋಡಿ ಏನು ಸಿಕ್ತು? ನಮ್ಮ ತೆರಿಗೆ ದುಡ್ಡು ತಾನೇ? ಅಡಿಕೆಗೆ ಕೊಳೆ ರೋಗ ಬಂದು ಎಷ್ಟು ಕಾಲ ಆಯಿತು, ಇನ್ನೂ ಬೋರ್ಡೋ ದ್ರಾವಣವೇ ಹೊಡೀತಿದ್ದೀವಿ. ಅದನ್ನು ನೋಡೋರು ಯಾರೂ ಇಲ್ಲ.

ಜೀವಶಾಸ್ತ್ರ ಟೀಚರ್
ಮಂಜಣ್ಣ, ಕೊಳೆ ರೋಗ ನೋಡೋಕೆ ಕೃಷಿ ವಿಶ್ವವಿದ್ಯಾಲಯ ಇದೆ, ಕಾಸರಗೋಡಲ್ಲಿ ತೆಂಗು, ಅಡಿಕೆ ಮೇಲೆ ಸಂಶೋಧನೆ ಮಾಡೋ ಸಿಪಿಸಿಆರ್‌ಐ ಇದೆ. ಅವರನ್ನು ಹಿಡಿದು ಕೇಳಿ. ಕಣಜದ ಮೇಷ್ಟ್ರನ್ನು ಕೇಳಿದರೆ ಹೇಗೆ?

ಏನು ಸಿಕ್ತು ಅಂದರೆ ಹೇಳ್ತೀನಿ ಕೇಳಿ, ನಾನು ಇದನ್ನು ದ್ವಿತೀಯ ಪಿಯು ಮಕ್ಕಳಿಗೆ ಹೇಳಿದಾಗ ಕ್ಲಾಸು ಗಪ್‌ಚುಪ್ ಆಗುತ್ತೆ. ರಾಣಿ ಅಂದರೆ ದರ್ಬಾರು ಮಾಡೋಳು, ಎಲ್ಲರನ್ನೂ ಹೊಡೆದು ಬಡಿದು ಇಟ್ಟುಕೊಂಡಿರೋಳು ಅಂದುಕೊಳ್ತೀವಿ. ಈ ಜಾತಿಯಲ್ಲಿ ರಾಣಿ ಪರಮ ಸಾಧು. ಗೂಡಲ್ಲಿ ಯಾರು ರಾಣಿ ಅಂತ ನಡವಳಿಕೆ ನೋಡಿ ಹೇಳೋಕೇ ಆಗಲ್ಲ, ಅಷ್ಟು ಸುಮ್ಮನಿರುತ್ತೆ. ಆದರೆ ಮೊಟ್ಟೆ ಇಡೋದು ಅದೊಂದೇ. ಆ ರಾಣಿಯನ್ನು ತೆಗೆದುಬಿಟ್ಟರೆ ಕೆಲಸಗಾರರ ಪೈಕಿ ಒಬ್ಬಳು ಇದ್ದಕ್ಕಿದ್ದ ಹಾಗೆ ಉಗ್ರಾವತಾರ ತಾಳುತ್ತಾಳೆ. ಸಿಕ್ಕಸಿಕ್ಕವರ ಮೇಲೆ ಬೀಳುತ್ತಾಳೆ. ಹಳೇ ರಾಣಿಯನ್ನು ವಾಪಸ್ ಬಿಟ್ಟರೆ ತೆಪ್ಪಗಾಗುತ್ತಾಳೆ. ಬಿಡದೇ ಇದ್ದರೆ ಒಂದು ವಾರದ ಹೊತ್ತಿಗೆ ಮೊಟ್ಟೆ ಇಡೋಕೆ ಶುರು ಮಾಡಿ ಅವಳೂ ಸಾಧು ರಾಣಿಯಾಗುತ್ತಾಳೆ.

ಇನ್ನೂ ಮಜಾ ಏನಂದರೆ ಮುಂದಿನ ರಾಣಿ ಯಾರು ಅಂತ ನಮಗೆ ಮೊದಲೇ ಗೊತ್ತಾಗಲ್ಲ, ವಯಸ್ಸು, ಮೈಕಟ್ಟು ಏನು ನೋಡಿದರೂ ಸುಳಿವು ಸಿಗಲ್ಲ. ಆದರೆ ಗೂಡಿನ ಕಣಜಗಳಿಗೆ ಗೊತ್ತಿರುತ್ತೆ. ಉತ್ತರಾಧಿಕಾರಿ ಯಾರು ಅಂತ ಅವು ಒಳಗೊಳಗೇ ತೀರ್ಮಾನ ಮಾಡಿಕೊಂಡಿರುತ್ತವೆ, ಜಗಳ ಇಲ್ಲ. ಇದನ್ನು ಪ್ರಯೋಗ ಮಾಡಿ 2008ರಲ್ಲಿ ತೋರಿಸಿದರು.

ರಾತ್ರಿಪಾಳಿ
ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ಕುರ್ಚಿಗೂ ಈ ಪದ್ಧತಿ ತಂದರೆ ಒಳ್ಳೇದು.

ಮಂಡಿ ಮಂಜಣ್ಣ
ಕಥೆ ಚೆನ್ನಾಗಿದೆ ಮೇಡಂ, ಇಲ್ಲ ಅನ್ನಲ್ಲ. ಪ್ರಶ್ನೆ ಹಾಗೇ ಇದೆ. ಉಪಯೋಗ?

ಶಿರಸಿ ಸುಬ್ಬಿ
ಮಂಜಣ್ಣಾ, ಉಪಯೋಗದ ಮಾತು ಬೇಕು ಅಂದರೆ ನಮ್ಮ ಜಿಲ್ಲೆ ಕಥೆ ಕೇಳಿ. ಆ ಕೇಂದ್ರ ಹುಟ್ಟೋಕೆ ಮೊದಲೇ ಗಾಡ್ಗೀಳರು ಉತ್ತರ ಕನ್ನಡದಲ್ಲಿ ಬಿದಿರು ನೋಡೋಕೆ ಬಂದಿದ್ದರು. ಆಗ ದಾಂಡೇಲಿ ಕಾಗದದ ಕಾರ್ಖಾನೆಗೆ ಸರ್ಕಾರ ಬಿದಿರು ಕೊಡುತ್ತಿದ್ದದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಹೌದು, ಟನ್ನಿಗೆ. ಬುಟ್ಟಿ ಹೆಣೆಯುವ ಮೇದಾರರಿಗೆ ಪೇಟೆಯಲ್ಲಿ ಅದೇ ಬಿದಿರು ಸಾವಿರಾರು ರೂಪಾಯಿ. ಬಿದಿರು ಮುಗೀತಾ ಬಂತು ಅಂತ ಮೇದಾರರು ಗಲಾಟೆ ಮಾಡಿದರು. ಕಾರ್ಖಾನೆಯವರು ಊರವರ ದನ ಮೇದು ಹಾಳಾಯಿತು ಅಂದರು. ಸರ್ಕಾರ ನೋಡಿಕೊಂಡು ಬನ್ನಿ ಅಂತ ಇವರಿಗೆ ಹೇಳಿತು.

ಬಿದಿರು ಮೆಳೆ ಬುಡದಲ್ಲಿ ಮುಳ್ಳು ಕವಲು ಹೆಣೆದುಕೊಂಡು ಬೇಲಿ ಕಟ್ಟಿದ ಹಾಗೆ ಇರುತ್ತಲ್ಲ, ಅದನ್ನು ಸವರಿ ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುತ್ತೆ ಅಂತ ತಜ್ಞರ ಸಲಹೆ ಇತ್ತು, ಸವರುತ್ತಿದ್ದರು. ಊರವರು ಹೇಳಿದ್ದು ಬೇರೆ. ಆ ಮುಳ್ಳು ತೆಗೆದರೆ ಕಳಲೆ ಉಳಿಯಲ್ಲ ಸ್ವಾಮಿ, ದನ, ಮುಳ್ಳುಹಂದಿ, ಮಂಗ ಎಲ್ಲ ತಿಂದು ಹಾಕುತ್ತವೆ ಅಂತ. ಇವರು ಅಳೆದು ನೋಡಿದರೆ ಊರವರ ಮಾತೇ ಸರಿ. ಕಳಲೆ ಪಲ್ಯ ತಿಂದವರಿಗೆಲ್ಲ ಇದು ಗೊತ್ತಿರೋ ವಿಷಯ, ಆದರೆ ಕಡತದಲ್ಲಿ ಬರಬೇಕಾದರೆ ಅಳೆಯೋರು ಬೇಕಾಯಿತು. ಕಾಡಿನ ಪಕ್ಕ ಬದುಕೋರ ಮಾತು ಕೇಳಿ ಅಂತ ಅವರು ಕೊನೇವರೆಗೂ ವಾದ ಮಾಡಿದ್ದಕ್ಕೆ ಬೇರು ಇಲ್ಲಿದೆ ಅಂತ ನನ್ನ ಅಭಿಪ್ರಾಯ.

ಕೊಪ್ಪದ ಕಾಫಿ
ಗಾಡ್ಗೀಳ್ ಹೆಸರು ಬಂತು, ಇನ್ನು ಸುಮ್ಮನಿರೋಕಾಗಲ್ಲ. ಅವರೇ ಬರೆದ ಪಶ್ಚಿಮ ಘಟ್ಟದ ವರದಿಯಿಂದ ನಮ್ಮ ಮಲೆನಾಡಿನವರಿಗೆ ಮನೆ ಕಟ್ಟೋಕೂ ಭಯ. ಬೆಂಗಳೂರಲ್ಲಿ ಎಸಿ ರೂಮಲ್ಲಿ ಕೂತು ಬರೆದರೆ ಆಯಿತಾ? ನಮ್ಮ ಅಜ್ಜನ ಕಾಲದ ತೋಟ ಸೂಕ್ಷ್ಮ ಪ್ರದೇಶ ಅಂತೆ.

ಶಿರಸಿ ಸುಬ್ಬಿ
ಎಸಿ ರೂಮಾ? ಆ ಮನುಷ್ಯ ಐವತ್ತು ವರ್ಷ ಘಟ್ಟ ಸುತ್ತಿದವರು ಮಾರಾಯ್ರೆ.

ಕೊಪ್ಪದ ಕಾಫಿ
ಸುತ್ತಿದ್ದು ಬೇರೆ, ಇಲ್ಲೇ ಬದುಕಿ ಮಗಳ ಮದುವೆಗೆ ಸಾಲ ತೆಗೆಯೋದು ಬೇರೆ.

ಎಕ್ಸೆಲ್ ರಾಯ
ಎರಡು ವರದಿ ಕಲಸಿಬಿಡ್ತಾ ಇದ್ದೀರಿ. ಒಂದೊಂದಾಗಿ ಹೇಳ್ತೀನಿ.

ಗಾಡ್ಗೀಳ್ ಸಮಿತಿ 2010ರಲ್ಲಿ ಆಗಿದ್ದು, ಜೈರಾಮ್ ರಮೇಶ್ ಪರಿಸರ ಮಂತ್ರಿ ಆಗಿದ್ದಾಗ. ವರದಿ ಕೊಟ್ಟದ್ದು ಆಗಸ್ಟ್ 2011. ಇಡೀ ಪಶ್ಚಿಮ ಘಟ್ಟ ಸೂಕ್ಷ್ಮ ಅಂತ ಹೇಳಿ ಮೂರು ದರ್ಜೆ ಮಾಡಿದರು. ಯಾವ ಊರಲ್ಲಿ ಏನು ಅನ್ನೋದನ್ನು ಗ್ರಾಮಸಭೆಯವರ ಜೊತೆ ಕೂತು ತೀರ್ಮಾನ ಮಾಡಿ ಅಂತಲೂ ಬರೆದರು. ಸರ್ಕಾರ ಆ ವರದಿಯನ್ನು ಹೊರಗೇ ಬಿಡಲಿಲ್ಲ, ಮಾಹಿತಿ ಹಕ್ಕಿನಲ್ಲಿ ಹೋರಾಡಿ 2012ರಲ್ಲಿ ಹೊರಬಂತು. ಆಮೇಲೆ ಕಸ್ತೂರಿರಂಗನ್ ಸಮಿತಿ ಬಂತು. ಅವರು ಘಟ್ಟದ ಸುಮಾರು 37 ಶೇಕಡ ಮಾತ್ರ ಸಾಕು ಅಂದರು. ಈಗ ಕರಡು ಅಧಿಸೂಚನೆ ಅಂತ ಮತ್ತೆ ಮತ್ತೆ ಬರುತ್ತಿರೋದು ಆ ಎರಡನೇ ವರದಿ ಆಧಾರದ ಮೇಲೆ. ಆರನೇ ಕರಡು 2024ರ ಜುಲೈ 31ರದ್ದು, ವಯನಾಡು ಭೂಕುಸಿತದ ಮರುದಿನದ ದಿನಾಂಕ. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, ಆರು ರಾಜ್ಯಗಳಲ್ಲಿ ನಮ್ಮದೇ ಜಾಸ್ತಿ. ಕರ್ನಾಟಕ ಸರ್ಕಾರ, ಯಾವ ಪಕ್ಷ ಇದ್ದರೂ, ಬೇಡ ಅಂತಲೇ ಹೇಳಿದೆ.

ಆ ಕರಡಿನಲ್ಲಿ ನಿಷೇಧ ಇರೋದು ಗಣಿ, ಕಲ್ಲು ಕ್ವಾರಿ, ಮರಳು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ (ಬಹಳ ಮಾಲಿನ್ಯ ಮಾಡೋ) ಕಾರ್ಖಾನೆ, 20 ಸಾವಿರ ಚದರ ಮೀಟರ್‌ಗಿಂತ ದೊಡ್ಡ ಕಟ್ಟಡಕ್ಕೆ. ನಿಮ್ಮ ಮನೆ ಎಷ್ಟು ಚದರ ಮೀಟರ್ ಸಾರ್?

ಕೊಪ್ಪದ ಕಾಫಿ
ಕಾಗದದಲ್ಲಿ ಏನು ಬೇಕಾದರೂ ಇರಲಿ. ಫಾರೆಸ್ಟ್ ಗಾರ್ಡ್ ಗೇಟಿನ ಹತ್ತಿರ ನಿಂತು ಹೇಳೋದು ಬೇರೆ ಇರುತ್ತೆ. ನಾವು ಹೆದರೋದು ವರದಿಗಲ್ಲ, ಅದನ್ನು ಹಿಡಿದುಕೊಂಡು ಬರೋರಿಗೆ. ಗ್ರಾಮಸಭೆ ಕೇಳಿ ಅಂತ ಬರೆದರಂತೆ, ಸರಿ. ಯಾವ ಗ್ರಾಮಸಭೆ ಕೇಳಿದರು? ನಮ್ಮ ಊರಲ್ಲಿ ಯಾರೂ ಬಂದು ಕನ್ನಡದಲ್ಲಿ ಇದು ಹೀಗೆ ಅಂತ ಒಂದು ಪುಟ ಓದಲಿಲ್ಲ.

ಶಿರಸಿ ಸುಬ್ಬಿ
ಈ ಮಾತು ಒಪ್ಪಿದೆ. ವರದಿ ಊರವರ ಭಾಷೆಯಲ್ಲಿ ಊರವರ ಕೈಗೆ ಹೋಗಬೇಕಿತ್ತು ಅಂತ ಗಾಡ್ಗೀಳರೂ ಸರ್ಕಾರದ ಮೇಲೆ ಇದೇ ದೂರು ಹೇಳುತ್ತಿದ್ದರು.

ಹರಿಹರದ ಮಾವ
ಸ್ವಾಮಿ, ನನ್ನ ಪ್ರಶ್ನೆ ಎಲ್ಲಿಗೋ ಹೋಯಿತು. ಹುಡುಗಿ ವಿಷಯಕ್ಕೆ ಬನ್ನಿ.

ಪಿಎಚ್‌ಡಿ ಮುಗಿಯದವಳು
ಬಂದೆ ಮಾವ 😄 ನಾನು ಬೇರೆ ಸಂಸ್ಥೆಯಲ್ಲಿ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡ್ತಾ ಇದ್ದೀನಿ, ಸಿಇಎಸ್‌ನಲ್ಲಿ ಗೆಳತಿಯರಿದ್ದಾರೆ.

ಮೊದಲು ದುಡ್ಡು. ಜೂನಿಯರ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000, ಸೀನಿಯರ್ ಆದ ಮೇಲೆ 42,000, ಹಾಸ್ಟೆಲ್ ಸಿಗದಿದ್ದರೆ ಎಚ್‌ಆರ್‌ಎ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಪ್ರತಿ ತಿಂಗಳು ಒಂದನೇ ತಾರೀಕು ಬರುತ್ತೆ ಅಂದುಕೊಳ್ಳಬೇಡಿ. ನಾನಿರೋ ಕಡೆ ತಿಂಗಳುಗಟ್ಟಲೆ ಬಾರದೆ ಅಪ್ಪನ ಹತ್ತಿರ ಕೈ ಚಾಚಿದ್ದುಂಟು, ಆಮೇಲೆ ಒಟ್ಟಿಗೆ ಬರುತ್ತೆ.

ಸೇರೋ ದಾರಿ: ಬಿಎಸ್ಸಿ ಆದ ಮೇಲೆ ಐಐಎಸ್‌ಸಿಯಲ್ಲೇ ಜೀವವಿಜ್ಞಾನದ ಇಂಟಿಗ್ರೇಟೆಡ್ ಪಿಎಚ್‌ಡಿ ಇದೆ, ಅದಕ್ಕೆ ಜ್ಯಾಮ್ ಪರೀಕ್ಷೆ ಬರೀಬೇಕು. ಎಂಎಸ್ಸಿ ಆದ ಮೇಲೆ ಅಂದರೆ ನೆಟ್ ಅಥವಾ ಗೇಟ್, ಗೇಟಲ್ಲಿ ಪರಿಸರ ಮತ್ತು ವಿಕಾಸ ಅಂತಲೇ ಒಂದು ಪತ್ರಿಕೆ ಇದೆ. ಆಮೇಲೆ ಇಂಟರ್‌ವ್ಯೂ. ಇಂಟರ್‌ವ್ಯೂನಲ್ಲಿ ಪುಸ್ತಕದ ವ್ಯಾಖ್ಯಾನ ಕೇಳೋದು ಕಡಿಮೆ, ಒಂದು ಪ್ರಶ್ನೆ ಕೊಟ್ಟು ಹೇಗೆ ಕಂಡುಹಿಡೀತೀಯಾ ಅಂತ ಕೇಳ್ತಾರೆ. ಇದೊಂದೇ ದಾರಿ ಅಂತ ಅಂಟಿಕೊಳ್ಳೋದೂ ಬೇಡ, ಬೆಂಗಳೂರಲ್ಲೇ ಎನ್‌ಸಿಬಿಎಸ್‌ನ ವನ್ಯಜೀವಿ ಎಂಎಸ್ಸಿ ಇದೆ, ಡೆಹ್ರಾಡೂನಿನಲ್ಲಿ ವನ್ಯಜೀವಿ ಸಂಸ್ಥೆ ಇದೆ, ಪರಿಸರ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆ ಇದೆ.

ಆಮೇಲೆ ನೌಕರಿ. ನಿಜ ಹೇಳ್ತೀನಿ, ಪ್ರೊಫೆಸರ್ ಹುದ್ದೆ ಬೆರಳೆಣಿಕೆ. ಎನ್‌ಜಿಒ, ಕನ್ಸಲ್ಟೆನ್ಸಿ, ಡೇಟಾ ಕೆಲಸ, ಪಾಠ ಹೇಳೋದು, ಹೀಗೆ ಚದುರಿ ಹೋಗ್ತಾರೆ. ಹಸಿವಿಂದ ಸತ್ತವರನ್ನು ನೋಡಿಲ್ಲ. ಸೈಟು ತಗೊಂಡವರನ್ನೂ ಜಾಸ್ತಿ ನೋಡಿಲ್ಲ.

ಎಕ್ಸೆಲ್ ರಾಯ
ಒಂದು ಸೇರಿಸಿ. ಪರಿಸರ ವಿಜ್ಞಾನ ಅಂದರೆ ಬರೀ ಬೈನಾಕ್ಯುಲರ್ ಅಲ್ಲ. ಅಂಕಿಸಂಖ್ಯೆ, ಕೋಡಿಂಗ್ ಬೇಕೇ ಬೇಕು. ಅಲ್ಲೇ ವಿಶ್ವೇಶ ಗುತ್ತಲ್ ಅಂತ ಒಬ್ಬರ ಗುಂಪು ಮಂದೆ, ಹಿಂಡು ಹೇಗೆ ಒಟ್ಟಾಗಿ ಚಲಿಸುತ್ತೆ ಅನ್ನೋದನ್ನು ಗಣಿತದಲ್ಲಿ ನೋಡುತ್ತೆ. ಗಣಿತ ಕಂಡರೆ ಓಡಿಹೋಗೋ ಹುಡುಗಿ ಆದರೆ ಈಗಲೇ ಕೂರಿಸಿ ಕಲಿಸಿ.

ಪಾವಗಡ ಶೇಂಗಾ
ಉಪಯೋಗ ಅಂದರು ಮಂಜಣ್ಣ. ನಮ್ಮ ಪಾವಗಡದ ಕಡೆ ಶೇಂಗಾ ಯಾವಾಗ ಬಿತ್ತಬೇಕು ಅನ್ನೋದನ್ನು ಹಳೇ ಮಳೆ ಲೆಕ್ಕ ಹಿಡಿದು ನೋಡಿದ್ದು ಸುಲೋಚನಾ ಗಾಡ್ಗೀಳ್ ಅವರು. ಮಾಧವ ಗಾಡ್ಗೀಳರ ಹೆಂಡತಿ, ಅದೇ ಇನ್‌ಸ್ಟಿಟ್ಯೂಟ್‌ನಲ್ಲಿ ಮುಂಗಾರು ಓದಿದವರು. ರೈತರ ಜೊತೆ ಕೂತು, ಹೂ ಬಿಡೋ ಹೊತ್ತಿಗೆ, ಕಾಯಿ ಕಟ್ಟೋ ಹೊತ್ತಿಗೆ ಮಳೆ ತಪ್ಪೋ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕಿದರು. ಗಂಡನ ಹೆಸರು ಎಲ್ಲರೂ ಹೇಳ್ತಾರೆ, ಹೆಂಡತಿ ಹೆಸರು ನೆನಪು ಮಾಡಬೇಕು.

ಗುಂಡ್ಲುಪೇಟೆ ಹುಡುಗ
ಆನೆ ಬಗ್ಗೆ ಯಾರೂ ಹೇಳಲೇ ಇಲ್ಲ!! ಆರ್. ಸುಕುಮಾರ್ ಅವರು 1980ರ ದಶಕದ ಶುರುವಿನಲ್ಲಿ ಪಿಎಚ್‌ಡಿ ಮಾಡಿದ್ದು ನಮ್ಮ ಚಾಮರಾಜನಗರ, ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲ ಕಡೆಯ ಆನೆ ಮೇಲೆ. ಗಾಡ್ಗೀಳರ ಶಿಷ್ಯರು. ರಾಗಿ ಹೊಲಕ್ಕೆ ನುಗ್ಗೋದು ಯಾರು ಅಂತ ನೋಡಿದರೆ ಹಿಂಡಿನ ಹೆಣ್ಣಾನೆಗಳಿಗಿಂತ ಸಲಗಗಳೇ ಬಹಳ ಜಾಸ್ತಿ. ಕಾರಣ ಏನು ಅಂದರೆ ರಾಗಿ ಪುಷ್ಟಿ ಆಹಾರ, ಚೆನ್ನಾಗಿ ಮೈ ತುಂಬಿದ ಗಂಡಿಗೆ ಮರಿ ಹುಟ್ಟಿಸೋ ಅವಕಾಶ ಜಾಸ್ತಿ, ಅದಕ್ಕೆ ಗುಂಡೇಟಿನ ಅಪಾಯ ಇದ್ದರೂ ಬರುತ್ತೆ. ಮರಿ ಕಟ್ಟಿಕೊಂಡಿರೋ ಹೆಣ್ಣು ಆ ಅಪಾಯ ತಗೊಳ್ಳಲ್ಲ.

ನಮ್ಮ ತಾತ ಅಟ್ಟಣೆ ಮೇಲೆ ಕಾವಲು ಕಾಯೋರು. ಒಂಟಿ ಸಲಗಕ್ಕೆ ಪಟಾಕಿ ಹೊಡೆದರೂ ಕಿವಿ ಅಲ್ಲಾಡಿಸಿಕೊಂಡು ತೆನೆ ಎಳೀತಾ ಇರುತ್ತೆ, ಮರಿಯಿರೋ ಹಿಂಡು ಒಂದು ತಮಟೆಗೆ ಓಡುತ್ತೆ ಅನ್ನೋರು.

ಮಂಡಿ ಮಂಜಣ್ಣ
ತಾತನಿಗೆ ಗೊತ್ತಿದ್ದದ್ದಕ್ಕೆ ಪಿಎಚ್‌ಡಿ ಯಾಕಪ್ಪ?

ಗುಂಡ್ಲುಪೇಟೆ ಹುಡುಗ
ತಾತ ಎಷ್ಟು ಸಲ ಅಂತ ಎಣಿಸಿರಲಿಲ್ಲ ಅಣ್ಣ. ಅರ್ಜಿಗೆ ತಾತನ ಮಾತು ಹಚ್ಚಿದರೆ ಪರಿಹಾರದ ನಿಯಮ ಬದಲಾಗಲ್ಲ.

ಹಳೇ ಪ್ರಾಜೆಕ್ಟ್ ಅಸಿಸ್ಟೆಂಟ್
ಈ ಎಣಿಸೋ ಮಾತಿಗೆ ಬಂದಿದ್ದು ಒಳ್ಳೇದಾಯಿತು. ಆ ಕೇಂದ್ರದ ಬೆನ್ನೆಲುಬು ಅಂದರೆ ನನ್ನ ಮಟ್ಟಿಗೆ ಮುದುಮಲೈ ಪ್ಲಾಟ್. ಬಂಡೀಪುರ ದಾಟಿದರೆ ತಮಿಳುನಾಡಿನ ಮುದುಮಲೈ ಕಾಡು. ಅಲ್ಲಿ 1988ರಲ್ಲಿ 50 ಹೆಕ್ಟೇರ್ ಗುರುತು ಮಾಡಿದರು, ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲ. ಅದರೊಳಗೆ ಒಂದು ಸೆಂಟಿಮೀಟರ್ ದಪ್ಪ ಮುಟ್ಟಿದ ಪ್ರತಿ ಗಿಡಕ್ಕೂ ನಂಬರು. ಆಗಲೇ 25 ಸಾವಿರಕ್ಕೂ ಜಾಸ್ತಿ ಇತ್ತು. ಪ್ರತಿ ವರ್ಷ ಯಾವುದು ಸತ್ತಿತು, ಯಾವುದು ಹೊಸದಾಗಿ ಬಂತು ನೋಡ್ತಾರೆ, ನಾಲ್ಕು ವರ್ಷಕ್ಕೊಮ್ಮೆ ಎಲ್ಲದರ ಸುತ್ತಳತೆ ತೆಗೀತಾರೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯವರು ಪ್ರಪಂಚದ ಬೇರೆ ಬೇರೆ ಕಾಡಿನಲ್ಲಿ ಇಂಥ ಪ್ಲಾಟ್‌ಗಳ ಜಾಲ ಮಾಡಿದ್ದಾರೆ, ಅದರಲ್ಲಿ ಇದೂ ಒಂದು.

ಮರದ ಅಳತೆ ಎದೆಯ ಮಟ್ಟದಲ್ಲಿ, ನೆಲದಿಂದ 1.3 ಮೀಟರ್. ಒಬ್ಬ ಟೇಪು ಹಿಡೀತಾನೆ, ಒಬ್ಬ ಕೂಗಿ ಹೇಳ್ತಾನೆ, ಒಬ್ಬ ಬರೀತಾನೆ, ಇನ್ನೊಬ್ಬ ಸುತ್ತ ನೋಡ್ತಾ ನಿಂತಿರ್ತಾನೆ. ಆ ನಾಲ್ಕನೆಯವನೇ ಮುಖ್ಯ. ಲಂಟಾನ ಪೊದೆ ತಲೆ ಮಟ್ಟಕ್ಕೆ ಬೆಳೆದಿರುತ್ತೆ, ಐದು ಮಾರು ಆಚೆ ಆನೆ ನಿಂತಿದ್ದರೂ ಕಾಣಲ್ಲ. ವಾಸನೆ, ಹಕ್ಕಿ ಕೂಗು, ಒಂದು ರೆಂಬೆ ಮುರಿದ ಸದ್ದು, ಇಷ್ಟರಲ್ಲಿ ಹೇಳೋರು ಅಲ್ಲಿನ ಆದಿವಾಸಿಗಳಾದ ಕುರುಂಬರು, ಇರುಳರು. ನಮ್ಮ ಜೊತೆ ಇದ್ದ ಒಬ್ಬರು ಕೈ ಎತ್ತಿದರೆ ಸಾಕು, ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲೋದು. ಎಂಎಸ್ಸಿ ಮಾಡಿದ ನನಗೆ ಎಲೆಯಿಲ್ಲದ ಬೇಸಿಗೆಯಲ್ಲಿ ಮತ್ತಿ ಯಾವುದು ದಿಂಡಿಗ ಯಾವುದು ಅಂತ ತೊಗಟೆ ಕೆರೆದು ತೋರಿಸಿಕೊಟ್ಟದ್ದು ಅವರೇ.

ಈಗ ಲೇಖನ ತೆಗೆದು ನೋಡಿ. ಮೇಲೆ ಮೇಷ್ಟ್ರ ಹೆಸರು, ವಿದ್ಯಾರ್ಥಿ ಹೆಸರು. ಇವರ ಹೆಸರು ಕೊನೆಯಲ್ಲಿ ಧನ್ಯವಾದ ಅನ್ನೋ ಪ್ಯಾರಾದಲ್ಲಿ, ಅದೂ ಎಲ್ಲರೂ ಹಾಕಲ್ಲ. ಇಡೀ ಕ್ಷೇತ್ರದಲ್ಲೇ ಹೀಗೆ. ಒಂದು ಲ್ಯಾಬ್ ಹಿಂದೆ ಯಾರಿದ್ದಾರೆ ಅಂತ ಕೇಳಿದಿರಲ್ಲ ಮಾವ, ಇವರೂ ಇದ್ದಾರೆ.

ಪಿಎಚ್‌ಡಿ ಮುಗಿಯದವಳು
+1. ಆದರೆ ಈಗ ಸ್ವಲ್ಪ ಬದಲಾಗುತ್ತಿದೆ, ಸಹಲೇಖಕರಾಗಿ ಹೆಸರು ಹಾಕೋರೂ ಇದ್ದಾರೆ. ಹೆಸರಿಗಿಂತ ಮೊದಲು ವರ್ಷಪೂರ್ತಿ ಸಂಬಳ, ವಿಮೆ ಬೇಕು ಅಂತ ನಮ್ಮ ಫೀಲ್ಡ್ ಅಣ್ಣನೇ ನನಗೆ ಹೇಳಿದ್ದು. ಪ್ರಾಜೆಕ್ಟ್ ಮುಗಿದರೆ ಅವರ ಕೆಲಸವೂ ಮುಗೀತು.

ಗುಂಡ್ಲುಪೇಟೆ ಹುಡುಗ
ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರದ್ದೂ ಇದೇ. ಅದು ಏಟ್ರೀಯವರು ಕೆಲಸ ಮಾಡಿದ ಜಾಗ, ಸಿಇಎಸ್ ಅಲ್ಲ. ಮೊದಲು ತರಗು ಬೆಂಕಿ ಹಾಕ್ತಿದ್ದೆವು, ತೆಳ್ಳಗೆ ತರಗೆಲೆ ಮಾತ್ರ ಸುಡೋ ಬೆಂಕಿ, ಅರಣ್ಯ ಇಲಾಖೆಯವರು ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರದ ಮೇಲೆ ಉಪ್ಪಿಲು ಹೆಚ್ಚಿತು ಅಂತ ಸೋಲಿಗರು ಮೊದಲಿಂದ ಹೇಳ್ತಾ ಬಂದರು. ಆಮೇಲೆ ಅದರ ಮೇಲೆ ಲೇಖನಗಳು ಬಂದವು.

ರಾತ್ರಿಪಾಳಿ
ಉಪ್ಪಿಲು ಅಂದರೆ?

ಗುಂಡ್ಲುಪೇಟೆ ಹುಡುಗ
ಬಂದಳಿಕೆ. ಮರದ ಮೇಲೆ ಬೆಳೆದು ಅದರ ರಸ ಹೀರುತ್ತಲ್ಲ, ಅದು.

ಕೊಪ್ಪದ ಕಾಫಿ
ನನ್ನದೊಂದು ದೂರು. ಇಲ್ಲಿ ಕುದುರೆಮುಖ ಕಡೆ ಸಂಶೋಧನೆಗೆ ಅಂತ ಬರೋ ಹುಡುಗರಿಗೆ ಕನ್ನಡವೇ ಬರಲ್ಲ. ಎಲ್ಲೆಲ್ಲಿಂದಲೋ ಬರ್ತಾರೆ. ನಮ್ಮ ಹತ್ತಿರ ದಾರಿ ಕೇಳೋಕೂ ಡ್ರೈವರ್ ಬೇಕು. ಕನ್ನಡದ ಹುಡುಗರು ಯಾಕಿಲ್ಲ ಅಲ್ಲಿ?

ಜೀವಶಾಸ್ತ್ರ ಟೀಚರ್
ಕನ್ನಡದ ಮಕ್ಕಳಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ ಸಾರ್. ನೀಟ್ ಇಲ್ಲ ಅಂದರೆ ಸಿಇಟಿ, ಅದೂ ಇಲ್ಲ ಅಂದರೆ ಬಿಎಸ್ಸಿ ನರ್ಸಿಂಗ್. ಅಪ್ಪ ಅಮ್ಮನಿಗೂ ಅದೇ ಗೊತ್ತಿರೋದು. ಮಾವ ಬಂದು ಕೇಳಿದರಲ್ಲ, ಎಷ್ಟು ಜನ ಕೇಳ್ತಾರೆ ಹೇಳಿ.

ಎಕ್ಸೆಲ್ ರಾಯ
ದೇಶಕ್ಕೆಲ್ಲ ಒಂದೇ ಪರೀಕ್ಷೆ ಇಟ್ಟ ಮೇಲೆ ಎಲ್ಲ ಕಡೆಯಿಂದ ಬರ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಬಂದ ಮೇಲೆ ಕನ್ನಡ ಕಲೀಬೇಕು ಅಷ್ಟೇ.

ಕೊಪ್ಪದ ಕಾಫಿ
ಕಲಿಯೋರು ಇದ್ದಾರೆ, ಇಲ್ಲ ಅನ್ನಲ್ಲ. ಒಬ್ಬಳು ಬಂಗಾಳಿ ಹುಡುಗಿ ಬಂದಿದ್ದಳು, ಹೋಗೋ ಹೊತ್ತಿಗೆ ನಮ್ಮಮ್ಮನ ಜೊತೆ ಕೂತು ಅಡಿಕೆ ಸುಲೀತಾ ನಮ್ಮ ಕಡೆ ಕನ್ನಡದಲ್ಲೇ ಹರಟೆ ಹೊಡೀತಿದ್ದಳು. ರಾತ್ರಿ ಎಲ್ಲ ಕಾಡಲ್ಲಿ ಕೂತು ಜೀರುಂಡೆ ಸದ್ದು ಕೇಳೋದು ಅವಳ ಕೆಲಸ. ನಮಗೆಲ್ಲ ಅದು ಒಂದೇ ಸದ್ದು, ಅವಳು ಇದು ಬೇರೆ ಜಾತಿ, ಅದು ಬೇರೆ ಜಾತಿ ಅಂತ ಬೆರಳು ಮಡಚೋಳು.

ಹಳೇ ಪ್ರಾಜೆಕ್ಟ್ ಅಸಿಸ್ಟೆಂಟ್
ಕುದುರೆಮುಖದಲ್ಲಿ ಜೀರುಂಡೆ ಸದ್ದಿನ ಕೆಲಸ ಅಂದರೆ ರೋಹಿಣಿ ಬಾಲಕೃಷ್ಣನ್ ಅವರ ಗುಂಪಿಂದು. ತರಬೇತಿ ಆದ ಕಿವಿ ಇದ್ದರೆ ಹುಳ ಹಿಡಿಯದೆ, ಕೊಲ್ಲದೆ, ಕಾಡಲ್ಲಿ ಯಾವ ಯಾವ ಜಾತಿ ಇದೆ ಅಂತ ಸರಿಯಾಗಿ ಹೇಳಬಹುದು ಅಂತ 2007ರಲ್ಲೇ ತೋರಿಸಿದ್ದಾರೆ.

ಅದೇ ಗುಂಪಿನ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. ಒಂದು ಜಾತಿ ಮರಜೀರುಂಡೆ, ಗಂಡು, ಎಲೆ ಮಧ್ಯೆ ಹಲ್ಲಿಂದ ಕೊರೆದು ತೂತು ಮಾಡುತ್ತೆ. ಆ ತೂತಲ್ಲಿ ತಲೆ ತೂರಿಸಿ, ರೆಕ್ಕೆಯನ್ನು ಎಲೆಗೆ ಹೊಂದಿಸಿ ಹಿಡಿದು ಕೂಗುತ್ತೆ. ಎಲೆಯಿಂದಾಗಿ ಸದ್ದು ಜೋರಾಗುತ್ತೆ. ಎಲ್ಲ ಗಂಡೂ ಮಾಡಲ್ಲ. ಮೈ ಚಿಕ್ಕದು, ದನಿ ಸಣ್ಣದು ಇರೋವು ಜಾಸ್ತಿ ಮಾಡುತ್ತವೆ. ಎಲೆ ಆರಿಸೋಕೆ ಬಿಟ್ಟರೆ ದೊಡ್ಡ ಎಲೆಯನ್ನೇ ಬಳಸುತ್ತವೆ. ಹೆಣ್ಣು ಬಂದೇ ಬರುತ್ತೆ, ಮೋಸ ಹೋಯಿತು ಅಂತ ಬಿಟ್ಟು ಹೋಗೋದೂ ಇಲ್ಲ. 2020ರಲ್ಲಿ ಪ್ರಕಟ ಆಯಿತು.

ರಾತ್ರಿಪಾಳಿ
ಮದುವೆ ಬ್ರೋಕರ್ ಫೋಟೋ ಎಡಿಟ್ ಮಾಡೋದು ಇದೇ ಅಲ್ವಾ.

ಮಂಡಿ ಮಂಜಣ್ಣ
😂😂 ಸರಿ, ಇದು ಉಪಯೋಗಕ್ಕೆ ಬಂತು.

ಜೀವಶಾಸ್ತ್ರ ಟೀಚರ್
ಇನ್ನೊಂದು ಹೇಳಿಬಿಡ್ತೀನಿ. ಬಂಡೆ ಮೇಲೆ ತಲೆ ಕುಣಿಸುತ್ತಾ ಕೂತಿರುತ್ತಲ್ಲ ಓತಿಕ್ಯಾತ, ಅದರ ಮೇಲೆ ಮರಿಯಾ ಠಾಕರ್ ಅವರ ಕಡೆ ಕೆಲಸ ಆಗುತ್ತೆ. ಗಂಡಿಗೆ ಹೆಣ್ಣು ಕಂಡಾಗ ಒಂದು ಬಣ್ಣ, ಇನ್ನೊಂದು ಗಂಡು ಕಂಡಾಗ ಬೇರೆ ಬಣ್ಣ, ನೋಡನೋಡ್ತಾ ಬದಲಾಗುತ್ತೆ. ಊರಿನ ಓತಿಕ್ಯಾತಕ್ಕೂ ಹಳ್ಳಿ ಓತಿಕ್ಯಾತಕ್ಕೂ ಏನು ವ್ಯತ್ಯಾಸ ಅಂತ ಬೆಂಗಳೂರು ಸುತ್ತ ಸೈಟು, ಲೇಔಟು ಆಗ್ತಿರೋ ಜಾಗದಲ್ಲೇ ನೋಡ್ತಾರೆ. ರೆನೀ ಬೋರ್ಜಸ್ ಅವರು ಅತ್ತಿ ಹಣ್ಣು ಮತ್ತು ಅದರೊಳಗಿನ ಪುಟ್ಟ ಕಣಜದ ಸಂಬಂಧ ನೋಡಿದವರು. ಆ ಅತ್ತಿಕಾಯಿಗೆ ಹೊರಗಿಂದ ತೂತು ಕೊರೆದು ಮೊಟ್ಟೆ ಇಡೋ ಇನ್ನೊಂದು ಕಳ್ಳ ಕಣಜ ಇದೆ, ಅದರ ಸೂಜಿಯ ತುದಿಯಲ್ಲಿ ಸತು ಇದೆ ಅಂತ ಅದೇ ಕ್ಯಾಂಪಸ್ಸಿನ ಮೆಕ್ಯಾನಿಕಲ್ ಇಂಜಿನಿಯರಿಂಗ್‌ನವರು ಕಂಡುಹಿಡಿದರು. ಡ್ರಿಲ್ ಬಿಟ್ಟು ಮಾರೋ ಮಾವನಿಗೆ ಇದು ಅರ್ಥ ಆಗುತ್ತೆ.

ಹರಿಹರದ ಮಾವ
ಸತು ಸಾಫ್ಟು ಮೇಡಂ, ಡ್ರಿಲ್‌ಗೆ ಕೋಬಾಲ್ಟ್ ಬೇಕು. ಆದರೆ ಹುಳಕ್ಕೆ ಯಾರು ಸಪ್ಲೈ ಮಾಡಿದರೋ!

ಹೆಬ್ಬಾಳದ ಕೆರೆ
ಬೆಂಗಳೂರಿನವರಿಗೆ ಆ ಕೇಂದ್ರ ಅಂದರೆ ಟಿ.ವಿ. ರಾಮಚಂದ್ರ. ಕೆರೆಗಳ ಲೆಕ್ಕ ಇಟ್ಟವರು ಅವರು. ಬೆಳ್ಳಂದೂರು ಕೆರೆ ನೊರೆ ರಸ್ತೆಗೆ ಹಾರಿ ಸ್ಕೂಟರ್‌ನವರ ಮುಖಕ್ಕೆ ಅಂಟುತ್ತಿದ್ದಾಗ ಸಂಸ್ಕರಿಸದ ಕೊಳಚೆ, ಅದರಲ್ಲಿ ಬಟ್ಟೆ ಪುಡಿಯಿಂದ ಬರೋ ಫಾಸ್ಫೇಟ್ ಅಂತ ಬಿಡಿಸಿ ಹೇಳಿದರು. ಕೆಲವರು ಇವರೇನು ಎಲ್ಲದಕ್ಕೂ ಪತ್ರಿಕೆಗೆ ಹೇಳಿಕೆ ಕೊಡ್ತಾರೆ ಅಂತ ಮೂಗು ಮುರೀತಾರೆ. ಹೇಳಲಿ ಬಿಡಿ ಅನ್ನೋನು ನಾನು. ಲೇಖನ ಬರೆದು ಕಪಾಟಲ್ಲಿ ಇಟ್ಟರೆ ಬಿಲ್ಡರ್‌ಗೆ ಖುಷಿ.

ಎಕ್ಸೆಲ್ ರಾಯ
ಒಪ್ಪಲ್ಲ. ವಿಜ್ಞಾನಿ ಹೋರಾಟಗಾರ ಆದರೆ ಅವನ ಅಂಕಿಯನ್ನೂ ಜನ ಅನುಮಾನದಿಂದ ನೋಡ್ತಾರೆ. ಕೊಪ್ಪದವರು ಮೇಲೆ ಅದನ್ನೇ ಮಾಡಿದ್ದು.

ಹೆಬ್ಬಾಳದ ಕೆರೆ
ಸುಮ್ಮನಿದ್ದರೂ ಅನುಮಾನ ಪಡ್ತಾರೆ, ಅನುದಾನ ಸರ್ಕಾರದ್ದು, ಅದಕ್ಕೆ ಬಾಯಿ ಬಿಡಲ್ಲ ಅಂತಾರೆ. ಎರಡರಲ್ಲಿ ಒಂದು ಆರಿಸಿಕೊಳ್ಳಿ.

ಶಿರಸಿ ಸುಬ್ಬಿ
ಒಂದೇ ಸೆಂಟರ್‌ನಲ್ಲಿ ಎರಡೂ ಥರದವರು ಇದ್ದಾರೆ ಅಲ್ವಾ, ಅದೇ ಚೆಂದ. ಒಬ್ಬರು ಕಣಜ ಬಿಟ್ಟು ಬೇರೆ ಏನೂ ನೋಡಲ್ಲ, ಒಬ್ಬರು ಗ್ರಾಮಸಭೆಗೆ ಹೋಗ್ತಾರೆ. ಕಣಜದವರನ್ನು ಗ್ರಾಮಸಭೆಗೆ ಎಳೆದರೆ ಎರಡೂ ಕೆಡುತ್ತೆ.

ಹರಿಹರದ ಮಾವ
ಹುಡುಗಿಗೆ ಎಲ್ಲ ಓದಿ ಹೇಳಿದೆ. ಅವಳಿಗೆ ಅರ್ಧಕ್ಕರ್ಧ ಮೊದಲೇ ಗೊತ್ತಿತ್ತು! ಜ್ಯಾಮ್ ಅರ್ಜಿ ಯಾವಾಗ? ಮತ್ತೆ ಹೆಣ್ಣುಮಗಳನ್ನು ಕಾಡಿಗೆ ಕಳಿಸೋದು ಹೇಗೆ ಅಂತ ಅವರಮ್ಮನದ್ದು ಒಂದೇ ಚಿಂತೆ.

ಪಿಎಚ್‌ಡಿ ಮುಗಿಯದವಳು
ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಅಲ್ಲಿವರೆಗೆ ರಜೆಯಲ್ಲಿ ಒಂದು ಲ್ಯಾಬಿಗೆ ಇಂಟರ್ನ್ ಆಗಿ ಹೋಗಲಿ. ಮೇಷ್ಟ್ರಿಗೆ ಮೇಲ್ ಬರೆಯುವಾಗ "ನನಗೆ ಪ್ರಕೃತಿ ಅಂದರೆ ಪ್ರಾಣ" ಅಂತ ಬರೀಬೇಡಿ, ಎಲ್ಲರೂ ಅದೇ ಬರೀತಾರೆ. ಅವರ ಒಂದು ಲೇಖನ ಓದಿ ಒಂದು ಪ್ರಶ್ನೆ ಕೇಳಿ.

ಕಾಡಿನ ವಿಷಯ ಅವರಮ್ಮನಿಗೆ ಹೇಳಿ, ಒಬ್ಬಳೇ ಕಳಿಸಲ್ಲ, ಜೊತೆಗೆ ಫೀಲ್ಡ್ ಅಣ್ಣಂದಿರು ಇರ್ತಾರೆ. ನನಗೆ ಕಾಡಲ್ಲಿ ಆದ ತೊಂದರೆಗಿಂತ ಕಾಡಿಗೆ ಹೋಗೋ ಬಸ್ಸಲ್ಲಿ ಆದದ್ದೇ ಜಾಸ್ತಿ. ಉಂಬಳ (ಜಿಗಣೆ) ಮಾತ್ರ ಕಚ್ಚುತ್ತೆ, ಅದು ಗ್ಯಾರಂಟಿ.

ಕೊಪ್ಪದ ಕಾಫಿ
ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕಾಲಿಗೆ ಹಚ್ಚಬೇಕು.

ಶಿರಸಿ ಸುಬ್ಬಿ
ಅಯ್ಯೋ ಸುಣ್ಣ ಬೇಡ, ಚರ್ಮ ಸುಡುತ್ತೆ. ಉಪ್ಪಿನ ಗಂಟು ಕೋಲಿಗೆ ಕಟ್ಟಿಕೊಂಡು ಹೋಗೋದು ಒಳ್ಳೇದು.

ಪಿಎಚ್‌ಡಿ ಮುಗಿಯದವಳು
ಮಳೆಯಲ್ಲಿ ಉಪ್ಪು ಕರಗಿ ಹೋಗುತ್ತೆ ಅಕ್ಕ. ಮೊಣಕಾಲವರೆಗೆ ಬರೋ ದಪ್ಪ ಬಟ್ಟೆಯ ಕಾಲುಚೀಲ ಸಿಗುತ್ತೆ, ನಮ್ಮ ಗುಂಪಿನವರೆಲ್ಲ ಅದನ್ನೇ ಹಾಕೋದು.

ಕೊಪ್ಪದ ಕಾಫಿ
ಕಾಲುಚೀಲ ಹತ್ತಿ ಸೊಂಟಕ್ಕೆ ಬರುತ್ತೆ ನಮ್ಮೂರಿನ ಉಂಬಳ. ಬಂದು ನೋಡಿ, ಜುಲೈನಲ್ಲಿ ಬನ್ನಿ, ಊಟ ನಮ್ಮ ಮನೆಯಲ್ಲಿ.